ಅಮೆರಿಕದವರು ತಾವಾಗಿ ಮಾತಾಡಿಸ್ತಾರೆ, ಬ್ರಿಟಿಷರು ಮಾತಾಡಿಸಲ್ಲ. ನಿಮಗೂ ಹಾಗೇ ಅನ್ನಿಸಿದೆಯಾ?

ಸಂಪಿಗೆ_ಮರ (ರೆಡಿಂಗ್, ಇಂಗ್ಲೆಂಡ್) · ಭಾನುವಾರ

ಎಲ್ಲರಿಗೂ ನಮಸ್ಕಾರ. ಆರು ವರ್ಷ ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ, ರಾಲಿ ಅನ್ನೋ ಊರಲ್ಲಿದ್ದೆ. ಹೋದ ವರ್ಷ ನಮ್ಮವರ ಕೆಲಸ ಬದಲಾಗಿ ಇಂಗ್ಲೆಂಡಿನ ರೆಡಿಂಗ್‌ಗೆ ಬಂದೆವು. ಒಂದು ವಿಷಯ ತುಂಬಾ ದಿನದಿಂದ ಮನಸ್ಸಲ್ಲಿ ಕೊರೀತಾ ಇದೆ. ಎರಡೂ ಕಡೆ ಇರುವವರು, ಇದ್ದು ಬಂದವರು ಇಲ್ಲಿದ್ದೀರಿ ಅಂತ ಕೇಳ್ತಿದ್ದೇನೆ.

ರಾಲಿಗೆ ಹೋದ ಮೊದಲ ವಾರ. ದಿನಸಿ ಅಂಗಡಿಯ ಸಾಲಿನಲ್ಲಿ ನಿಂತಿದ್ದೆ. ಹಿಂದೆ ನಿಂತಿದ್ದ ಹೆಂಗಸು ನನ್ನ ಜುಮುಕಿ ನೋಡಿ ಎಷ್ಟು ಚೆನ್ನಾಗಿದೆ, ಎಲ್ಲಿ ತಗೊಂಡ್ರಿ ಅಂದರು. ನನ್ನ ಸರದಿ ಬರುವಷ್ಟರಲ್ಲಿ ಅವರ ಮಗಳ ಮದುವೆ, ಅವರ ಮಂಡಿ ಆಪರೇಷನ್, ಎರಡೂ ಕಥೆ ಕೇಳಿಯಾಗಿತ್ತು. ನನಗೆ ಆ ಊರಲ್ಲಿ ಆಗ ಒಂದು ಜೀವವೂ ಗೊತ್ತಿರಲಿಲ್ಲ. ಮನೆಗೆ ಬಂದು ಅಮ್ಮನಿಗೆ ಫೋನ್ ಮಾಡಿ, ಇಲ್ಲಿ ಜನ ಒಳ್ಳೆಯವರು ಕಣಮ್ಮ ಅಂದಿದ್ದೆ.

ಈಗ ರೆಡಿಂಗ್. ವಾರಕ್ಕೆ ನಾಲ್ಕು ದಿನ ಬೆಳಿಗ್ಗೆ ಏಳೂಕಾಲರ ರೈಲಿಗೆ ಲಂಡನ್‌ಗೆ ಹೋಗ್ತೀನಿ. ಪ್ಲಾಟ್‌ಫಾರ್ಮಿನಲ್ಲಿ ದಿನವೂ ಅದೇ ಜನ, ಅದೇ ಜಾಗ. ನನ್ನ ಪಕ್ಕ ಕೆಂಪು ಕೋಟಿನ ಒಬ್ಬ ಹೆಂಗಸು ನಿಲ್ತಾರೆ. ಹತ್ತು ತಿಂಗಳಾಯ್ತು. ಒಂದು ನಗು ಇಲ್ಲ, ತಲೆ ಅಲ್ಲಾಡಿಸೋದೂ ಇಲ್ಲ. ನನ್ನ ಕಡೆ ನೋಡಿಯೇ ಇಲ್ಲ ಅನ್ನಿಸುತ್ತೆ. ಪಕ್ಕದ ಮನೆಯ ತಾತ "ಮಾರ್ನಿಂಗ್" ಅಂತಾರೆ, ಅಷ್ಟೆ. ಅದೇ ಮೊದಲು, ಅದೇ ಕೊನೆ.

ನಿಜವಾಗಲೂ ಅಮೆರಿಕದವರು ಅಪರಿಚಿತರ ಜೊತೆ ಜಾಸ್ತಿ ಸ್ನೇಹದಿಂದ ಇರ್ತಾರಾ? ಇಲ್ಲಾ ನಾನು ಒಂಟಿ ಅಂತ ನನಗೆ ಹಾಗೆ ಕಾಣ್ತಿದೆಯಾ?

---

ಎಡಿಸನ್_ಅಣ್ಣ (ನ್ಯೂಜೆರ್ಸಿ)

ತಂಗಿ, ನೀವು ಹೇಳಿದ್ದು ನಿಜ. ಆದರೆ ಅದು ಅರ್ಧ ನಿಜ. ನಾನು ಇಲ್ಲಿಗೆ ಬಂದು ಹದಿನೆಂಟು ವರ್ಷ. ಮೊದಲ ಎರಡು ವರ್ಷ ನನಗೂ ನಿಮ್ಮ ಹಾಗೇ ಖುಷಿ ಆಗ್ತಿತ್ತು. ಲಿಫ್ಟಿನಲ್ಲಿ ಮಾತು, ಜಿಮ್ಮಿನಲ್ಲಿ ಮಾತು, ಪೆಟ್ರೋಲ್ ಬಂಕಿನಲ್ಲಿ ಮಾತು. ಮಾತಾಡಿದವರೆಲ್ಲ ಕೊನೆಗೆ "ಒಂದಿನ ಸೇರೋಣ" ಅಂತಾರೆ. ನಾನು ನಂಬಿ ಶನಿವಾರ ಬಿಡುವು ಮಾಡಿಕೊಂಡು ಕಾಯ್ತಿದ್ದೆ. ಆ ಶನಿವಾರ ಬರಲಿಲ್ಲ. ಅವರು ಸುಳ್ಳು ಹೇಳಿರಲಿಲ್ಲ, ಅದು ನನಗೆ ಆಮೇಲೆ ತಿಳೀತು. "ನಿಮ್ಮ ಜೊತೆ ಮಾತಾಡಿ ಸಂತೋಷ ಆಯ್ತು" ಅನ್ನೋದನ್ನೇ ಅವರು ಹಾಗೆ ಹೇಳ್ತಾರೆ.

ನಮ್ಮ ಊರಿನ ಮನೆ ನೆನಪು ಮಾಡಿಕೊಳ್ಳಿ. ಜಗಲಿ, ನಡುಮನೆ, ಅಡುಗೆಮನೆ. ಅಮೆರಿಕದವರ ಜಗಲಿ ತುಂಬಾ ದೊಡ್ಡದು. ದಾರಿಯಲ್ಲಿ ಹೋಗುವವರೆಲ್ಲ ಬಂದು ಕೂರಬಹುದು, ನೀರು ಬೆಲ್ಲ ಸಿಗುತ್ತೆ. ಒಳಗಿನ ಬಾಗಿಲು ಮಾತ್ರ ಅಷ್ಟು ಸುಲಭಕ್ಕೆ ತೆರೆಯಲ್ಲ. ಬ್ರಿಟಿಷರ ಮನೆಗೆ ಜಗಲಿಯೇ ಇಲ್ಲ, ಬೀದಿಗೇ ಬಾಗಿಲು. ಅದು ತೆರೆಯೋಕೆ ವರ್ಷ ಬೇಕು.

ಕರ್ಟ್ ಲೆವಿನ್ ಅನ್ನೋ ಮನಶ್ಶಾಸ್ತ್ರಜ್ಞ ಇಂಥದ್ದನ್ನೇ 1936ರಲ್ಲಿ ಬರೆದಿದ್ದರು. ಅವರು ಜರ್ಮನಿ ಬಿಟ್ಟು 1933ರಲ್ಲಿ ಅಮೆರಿಕಕ್ಕೆ ಬಂದ ಯಹೂದಿ. ಅಮೆರಿಕದವರ ವ್ಯಕ್ತಿತ್ವದ ಹೊರಗಿನ ಪದರಗಳು ಸುಲಭವಾಗಿ ತೆರೆದುಕೊಳ್ತವೆ, ತೀರಾ ಒಳಗಿನದು ಮಾತ್ರ ಮುಚ್ಚಿರುತ್ತೆ; ಜರ್ಮನರಲ್ಲಿ ಹೊರಗಿನ ಪದರವೇ ಗಟ್ಟಿ ಅಂದರು. ಅವರು ಹೋಲಿಸಿದ್ದು ಜರ್ಮನರನ್ನ. ಆದರೂ ಓದಿದಾಗ ಲಂಡನ್ನಿನಲ್ಲಿರುವ ನನ್ನ ತಮ್ಮ ಹೇಳೋ ಕಥೆಗಳೇ ನೆನಪಾದವು.

ಇದಕ್ಕೆ ಕಾರಣವೂ ಇದೆ. ಈ ದೇಶದಲ್ಲಿ ಜನ ಊರು ಬಿಟ್ಟು ಊರಿಗೆ ಹೋಗ್ತಾನೇ ಇದ್ದರು. 1950ರ ದಶಕದಲ್ಲಿ ಹೆಚ್ಚುಕಮ್ಮಿ ಐವರಲ್ಲಿ ಒಬ್ಬರು ಪ್ರತಿ ವರ್ಷ ಮನೆ ಬದಲಾಯಿಸ್ತಿದ್ದರು. ಈಗ ಅದು ಹತ್ತರಲ್ಲಿ ಒಬ್ಬರಿಗಿಂತ ಕಮ್ಮಿ ಆಗಿದೆ. ಹೊಸ ಊರು, ಹೊಸ ಪಕ್ಕದ ಮನೆ. ಬೇಗ ಮಾತಾಡಿಸದಿದ್ದರೆ ಬದುಕೋದು ಹೇಗೆ? ಆ ಅಭ್ಯಾಸ ಉಳಿದುಕೊಂಡಿದೆ.

---

ಕುಂದಾಪ್ರ_ನರ್ಸ್ (ನ್ಯೂಕಾಸಲ್)

ಅಕ್ಕ, ರೆಡಿಂಗ್ ನೋಡಿ ಬ್ರಿಟನ್ ಹೀಗೆ ಅನ್ನಬೇಡಿ ಮಾರಾಯ್ರೆ! ಒಮ್ಮೆ ಉತ್ತರಕ್ಕೆ ಬನ್ನಿ.

ನಾನು ಇಲ್ಲಿ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದ ಮೊದಲ ದಿನ ಒಬ್ಬರು ಅಜ್ಜಿ ನನ್ನನ್ನ "ಪೆಟ್" ಅಂತ ಕರೆದರು. ನನಗೆ ಗಾಬರಿ. ಸಾಕುಪ್ರಾಣಿ ಅಂದರಾ ಅಂತ ಅಂದುಕೊಂಡೆ. ಇಲ್ಲಿ ಅದು ನಮ್ಮ "ಮಗಾ" ಇದ್ದ ಹಾಗೆ. ಎಲ್ಲರಿಗೂ ಪೆಟ್. ಶೆಫೀಲ್ಡಿಗೆ ಹೋದರೆ "ಲವ್", ನಾಟಿಂಗ್‌ಹ್ಯಾಮ್‌ನಲ್ಲಿ "ಡಕ್", ಗ್ಲಾಸ್ಗೋದಲ್ಲಿ "ಹೆನ್". ಬಾತುಕೋಳಿ, ಹೇಂಟೆ ಅಂತ ಕರೆದರೂ ಅದರಲ್ಲಿರೋದು ಪ್ರೀತಿಯೇ.

ಬಸ್ಸಿನಿಂದ ಇಳಿಯುವಾಗ ಎಲ್ಲರೂ ಡ್ರೈವರ್‌ಗೆ ಥ್ಯಾಂಕ್ಸ್ ಹೇಳಿಯೇ ಇಳೀತಾರೆ. ಶಾಲೆ ಮಕ್ಕಳೂ ಹೇಳ್ತಾರೆ. ಲಂಡನ್ನಿನಲ್ಲಿ ಮಧ್ಯದ ಬಾಗಿಲಿಂದ ಇಳೀತಾರಲ್ಲ, ಅಲ್ಲಿ ಈ ಅಭ್ಯಾಸ ಅಷ್ಟು ಕಾಣಲ್ಲ. ಇಲ್ಲಿ ಬಸ್ ಸ್ಟಾಪಿನಲ್ಲಿ ಐದು ನಿಮಿಷ ನಿಂತರೆ ಯಾರಾದರೂ ಮಳೆ ಬಗ್ಗೆ ಏನಾದರೂ ಹೇಳಿಯೇ ಹೇಳ್ತಾರೆ.

ಮಳೆ ಮಾತು ಅಂದರೆ ಸುಮ್ನೆ ಅಲ್ಲ. ಇಬ್ಬರು ಇಂಗ್ಲಿಷರು ಸೇರಿದರೆ ಮೊದಲ ಮಾತು ಹವಾಮಾನದ್ದೇ ಅಂತ ಸಾಮ್ಯುಯೆಲ್ ಜಾನ್ಸನ್ 1758ರಲ್ಲೇ ಬರೆದಿದ್ದಾರಂತೆ. ಅದು ಬಾಗಿಲು ತಟ್ಟಿದ ಹಾಗೆ. ಅವರು "ಚಳಿ ಅಲ್ವಾ" ಅಂದರೆ ನೀವು "ಹೌದು" ಅನ್ನಬೇಕು. "ಇಲ್ಲ, ನಮ್ಮ ಅಮೆರಿಕದಲ್ಲಿ ಇನ್ನೂ ಚಳಿ ಇತ್ತು" ಅಂದರೆ ಬಾಗಿಲು ಅಲ್ಲಿಗೇ ಮುಚ್ಚಿತು. ಕೆಂಪು ಕೋಟಿನವರ ಹತ್ತಿರ ಇದನ್ನ ಮಾಡಿ ನೋಡಿ ಅಕ್ಕ.

---

ಹೆಡ್‌ಸೆಟ್_ಹಳಬ (ಬೆಂಗಳೂರು)

ನಾನು ಎರಡೂ ದೇಶ ನೋಡಿಲ್ಲ. ಆದರೆ ಎರಡೂ ದೇಶದ ಸಾವಿರಾರು ಅಪರಿಚಿತರ ಜೊತೆ ಮಾತಾಡಿದ್ದೀನಿ. 2004ರಿಂದ ಏಳು ವರ್ಷ ಬೆಂಗಳೂರಿನ ಒಂದು ಕಾಲ್ ಸೆಂಟರಿನಲ್ಲಿ ಕೆಲಸ. ಮೊದಲು ಅಮೆರಿಕದ ಪ್ರೋಸೆಸ್ (ಅಂದರೆ ಅಲ್ಲಿನ ಗ್ರಾಹಕರ ಕರೆಗಳು), ರಾತ್ರಿ ಪಾಳಿ. ಆಮೇಲೆ ಬ್ರಿಟನ್ ಪ್ರೋಸೆಸ್, ಮಧ್ಯಾಹ್ನದ ಪಾಳಿ.

ಟ್ರೇನಿಂಗಿನಲ್ಲೇ ಎರಡಕ್ಕೂ ಬೇರೆ ಬೇರೆ ಪಾಠ. ಅಮೆರಿಕದವರಿಗೆ ಮೊದಲ ಹೆಸರು ಹಿಡಿದು ಕರೀಬೇಕು, ದನಿಯಲ್ಲಿ ನಗು ಇರಬೇಕು, ಸಿಸ್ಟಮ್ ಲೋಡ್ ಆಗುವ ಮೌನದಲ್ಲಿ ನಿಮ್ಮ ದಿನ ಹೇಗಿದೆ ಅಂತ ಕೇಳಬೇಕು. ಬ್ರಿಟನ್ನಿನವರಿಗೆ ಮಿಸ್ಟರ್, ಮಿಸೆಸ್. ಸುಮ್ನೆ ದಿನ ಹೇಗಿದೆ ಅಂತ ಕೇಳಿದರೆ ಇವನು ಏನೋ ಮಾರೋಕೆ ಬಂದಿದ್ದಾನೆ ಅಂತ ಅನುಮಾನ ಬರುತ್ತೆ ಅಂತ ಹೇಳಿಕೊಟ್ಟರು.

ಕೆಲಸ ಶುರು ಮಾಡಿದ ಮೇಲೆ ಕಂಡದ್ದು ಇನ್ನೊಂದು. ಅಮೆರಿಕದವರು ಬೇಗ ಬೈತಿದ್ದರು, ಬೇಗ ನಗ್ತಿದ್ದರು. ಐದು ನಿಮಿಷ ಕೂಗಾಡಿ, ಕೊನೆಗೆ ನನ್ನ ಮಕ್ಕಳ ಬಗ್ಗೆ ಕೇಳಿ, ದೇವರು ಒಳ್ಳೇದು ಮಾಡಲಿ ಅಂತ ಹೇಳಿ ಫೋನ್ ಇಟ್ಟವರಿದ್ದಾರೆ. ಬ್ರಿಟನ್ನಿನವರು ಕೋಪ ಬಂದರೆ ಇನ್ನೂ ಮರ್ಯಾದೆಯಿಂದ ಮಾತಾಡ್ತಾರೆ. "ನನಗೆ ಸ್ವಲ್ಪ ಬೇಸರ ಆಗಿದೆ" ಅಂದರೆ ಅವರಿಗೆ ತುಂಬಾ ಸಿಟ್ಟು ಬಂದಿದೆ ಅಂತ ಅರ್ಥ. ಇದು ತಿಳಿಯೋಕೆ ನನಗೆ ಆರು ತಿಂಗಳು ಬೇಕಾಯ್ತು.

ಒಂದು ಕರೆ ಮರೆಯೋಕೆ ಆಗಲ್ಲ. ಇಂಗ್ಲೆಂಡಿನ ಒಬ್ಬ ಅಜ್ಜ, ಬಿಲ್ಲಿನ ವಿಷಯ. ಹೆಂಡತಿ ಹೆಸರಲ್ಲಿದ್ದ ಖಾತೆ ಮುಚ್ಚಬೇಕಿತ್ತು. ಅವರು ತೀರಿಕೊಂಡು ಮೂರು ವಾರ ಆಗಿತ್ತಂತೆ. ನಾನು ತುಂಬಾ ವಿಷಾದ ಆಯ್ತು ಸರ್ ಅಂದೆ. ಅವರು ತಕ್ಷಣ "ಪರವಾಗಿಲ್ಲ, ನಿಮ್ಮನ್ನ ಹೆಚ್ಚು ಹೊತ್ತು ಹಿಡಿದಿಡಲ್ಲ" ಅಂದರು. ಕೆಲಸ ಮುಗೀತು. ಲೈನ್ ಕಟ್ ಮಾಡಲಿಲ್ಲ. ಅರ್ಧ ನಿಮಿಷ ಮೌನ. ಆಮೇಲೆ ನಿಧಾನಕ್ಕೆ ಕೇಳಿದರು: ನಿಮ್ಮ ಕಡೆ ಈಗ ಹವಾಮಾನ ಹೇಗಿದೆ? ನಾನು ಹೇಳಿದೆ, ಮಳೆ ಬರ್ತಿದೆ ಸರ್, ಮಣ್ಣಿನ ವಾಸನೆ ಒಳಗೆ ಬರ್ತಿದೆ ಅಂತ. ಹತ್ತು ನಿಮಿಷ ಮಳೆ ಬಗ್ಗೆಯೇ ಮಾತಾಡಿದೆವು. ಹೆಂಡತಿ ಹೆಸರು ಮತ್ತೆ ಎತ್ತಲಿಲ್ಲ. ಕುಂದಾಪ್ರ ಮೇಡಂ ಬಾಗಿಲು ತಟ್ಟೋದು ಅಂದರಲ್ಲ, ಓದಿದ ತಕ್ಷಣ ಆ ಅಜ್ಜ ಕಣ್ಣ ಮುಂದೆ ಬಂದರು.

---

ತುಂಗಾತೀರ

ಯಾರೂ ಟಿಪ್ಸ್ ಬಗ್ಗೆ ಹೇಳಿಲ್ಲ. ಅಮೆರಿಕದಲ್ಲಿ ಟಿಪ್ಸ್ ಪಡೆಯುವ ಕೆಲಸಗಾರರಿಗೆ ಕೇಂದ್ರ ಸರ್ಕಾರ ಗೊತ್ತು ಮಾಡಿದ ಕನಿಷ್ಠ ಕೂಲಿ ಗಂಟೆಗೆ 2.13 ಡಾಲರ್. 1991ರಿಂದ ಬದಲಾಗಿಲ್ಲ. ಕೆಲವು ರಾಜ್ಯಗಳು ಜಾಸ್ತಿ ಕೊಡ್ತವೆ, ಆದರೆ ಎಲ್ಲ ಕಡೆ ಇಲ್ಲ. ಬಡಿಸುವ ಹುಡುಗಿ ಬದುಕೋದೇ ನೀವು ಇಟ್ಟು ಹೋಗುವ ಶೇಕಡ 20ರಲ್ಲಿ. ಆಕೆ ನಗದೆ ಏನು ಮಾಡ್ತಾಳೆ? ಬ್ರಿಟನ್ನಿನಲ್ಲಿ ಹೋಟೆಲ್ ಕೆಲಸಗಾರರಿಗೂ ಎಲ್ಲರಷ್ಟೇ ಕನಿಷ್ಠ ಕೂಲಿ ಕೊಡಲೇಬೇಕು, ಟಿಪ್ಸ್ ಅದರಲ್ಲಿ ಸೇರಿಸುವ ಹಾಗಿಲ್ಲ. ಅಲ್ಲಿ ನಗು ಹೊಟ್ಟೆಪಾಡಿನ ಪ್ರಶ್ನೆ ಅಲ್ಲ.

---

ಸಂಪಿಗೆ_ಮರ

ತುಂಗಾತೀರ ಅವರೇ, ಹೋಟೆಲ್ ಮಟ್ಟಿಗೆ ಒಪ್ಪಿದೆ. ಆದರೆ ನನ್ನ ಜುಮುಕಿ ಹೊಗಳಿದ ಹೆಂಗಸಿಗೆ ಯಾರು ಟಿಪ್ಸ್ ಕೊಟ್ಟರು? ಬೆಳಿಗ್ಗೆ ವಾಕಿಂಗ್‌ನಲ್ಲಿ ಎದುರು ಸಿಕ್ಕಿ ಕೈ ಬೀಸ್ತಿದ್ದವರಿಗೆ?

---

ತುಂಗಾತೀರ

ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ನಿಜ.

---

ಲ್ಯಾಬ್_ಕೋಟು (ರಾಚೆಸ್ಟರ್, ನ್ಯೂಯಾರ್ಕ್ ರಾಜ್ಯ)

ಸ್ವಲ್ಪ ಉದ್ದ ಬರೀತೀನಿ, ಇದು ನನಗೆ ತುಂಬಾ ಇಷ್ಟದ ವಿಷಯ.

ನಾವು ಎರಡು ದೇಶ ಹೋಲಿಸ್ತಿದ್ದೀವಿ. ಆದರೆ ಸಂಪಿಗೆ ಮೇಡಂ ಹೋಲಿಸಿದ್ದು ನಿಜವಾಗಿ ರಾಲಿಯ ದಿನಸಿ ಅಂಗಡಿಯನ್ನ ಮತ್ತೆ ಲಂಡನ್ ರೈಲಿನ ಪ್ಲಾಟ್‌ಫಾರ್ಮನ್ನ. ರಾಲಿ ಇರೋದು ಅಮೆರಿಕದ ದಕ್ಷಿಣದಲ್ಲಿ, ಆ ಕಡೆಯವರು ಅತಿಥಿ ಸತ್ಕಾರಕ್ಕೆ ಹೆಸರಾದವರು. ರಾಲಿ ಬದಲು ನ್ಯೂಯಾರ್ಕ್ ನಗರದ ಮ್ಯಾನ್‌ಹಟನ್ನಿನಲ್ಲಿ ಸಬ್‌ವೇ ರೈಲು ಹತ್ತಿದ್ದರೆ? ಅಲ್ಲಿ ಯಾರೂ ಜುಮುಕಿ ನೋಡ್ತಿರಲಿಲ್ಲ.

ರಾಬರ್ಟ್ ಲೆವಿನ್ ಅಂತ ಕ್ಯಾಲಿಫೋರ್ನಿಯಾದ ಒಬ್ಬ ಮನಶ್ಶಾಸ್ತ್ರಜ್ಞ ಇದ್ದರು. (ಎಡಿಸನ್ ಅಣ್ಣ ಹೇಳಿದ ಲೆವಿನ್ ಬೇರೆ, ಇವರು ಬೇರೆ.) 1990ರ ದಶಕದ ಶುರುವಿನಲ್ಲಿ ಇವರ ತಂಡ ಅಮೆರಿಕದ 36 ಊರುಗಳಲ್ಲಿ ಒಂದು ಪರೀಕ್ಷೆ ಮಾಡಿತು. ಬೀದಿಯಲ್ಲಿ ಗೊತ್ತಿಲ್ಲದ ಹಾಗೆ ಪೆನ್ನು ಬೀಳಿಸೋದು. ಕಾಲಿಗೆ ಪಟ್ಟಿ ಕಟ್ಟಿಕೊಂಡು ಪುಸ್ತಕ ಚೆಲ್ಲಿಕೊಳ್ಳೋದು. ಕುರುಡರ ಹಾಗೆ ರಸ್ತೆ ದಾಟೋಕೆ ನಿಲ್ಲೋದು. ಯಾರು ಸಹಾಯಕ್ಕೆ ಬರ್ತಾರೆ ಅಂತ ಎಣಿಸಿದರು. ನಾನಿರುವ ರಾಚೆಸ್ಟರ್ ಮೊದಲು ಬಂತು, ನ್ಯೂಯಾರ್ಕ್ ನಗರ ಕೊನೆಗೆ. ಎರಡೂ ಒಂದೇ ರಾಜ್ಯ! ಜನ ಎಷ್ಟು ಒತ್ತೊತ್ತಾಗಿ ಬದುಕ್ತಾರೆ ಅನ್ನೋದೇ ಎಲ್ಲಕ್ಕಿಂತ ಹೆಚ್ಚು ವ್ಯತ್ಯಾಸ ತರುತ್ತೆ ಅಂತ ಅವರಿಗೆ ಕಂಡಿತು. ಆಮೇಲೆ 23 ದೇಶಗಳ ದೊಡ್ಡ ನಗರಗಳಲ್ಲಿ ಇಂಥದ್ದೇ ಪರೀಕ್ಷೆ ಮಾಡಿದಾಗ ರಿಯೊ ಡಿ ಜನೈರೊ ಮೊದಲು. ನಮ್ಮ ಕೋಲ್ಕತ್ತ ಮೇಲಿನ ಸಾಲಿನಲ್ಲೇ ಇತ್ತು. ನ್ಯೂಯಾರ್ಕ್ ಅಲ್ಲೂ ಕೆಳಗೆ.

ಇನ್ನು ರೈಲಿನ ವಿಷಯ. ಇದು ಸಂಪಿಗೆ ಮೇಡಂಗೋಸ್ಕರ. ಶಿಕಾಗೊ ವಿಶ್ವವಿದ್ಯಾಲಯದ ನಿಕೊಲಸ್ ಎಪ್ಲಿ ಮತ್ತೆ ಜೂಲಿಯಾನಾ ಶ್ರೋಡರ್ 2014ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಶಿಕಾಗೊಗೆ ದಿನಾ ಓಡಾಡುವ ರೈಲಿನವರಲ್ಲಿ ಕೆಲವರಿಗೆ ಪಕ್ಕದವರನ್ನ ಮಾತಾಡಿಸಿ ಅಂದರು, ಕೆಲವರಿಗೆ ಸುಮ್ಮನಿರಿ ಅಂದರು. ಮಾತಾಡಿದರೆ ಪ್ರಯಾಣ ಹೇಗಿರುತ್ತೆ ಅಂತ ಇನ್ನು ಕೆಲವರನ್ನ ಕೇಳಿದಾಗ, ಬೇಸರ ಆಗುತ್ತೆ, ಅವರಿಗೂ ಇಷ್ಟ ಆಗಲ್ಲ ಅಂದರು. ಆದದ್ದು ಉಲ್ಟಾ. ಮಾತಾಡಿದವರೇ ಹೆಚ್ಚು ಖುಷಿಯಾಗಿ ಇಳಿದರು. ಇದು ಅಮೆರಿಕ, ಲಂಡನ್ನಿನಲ್ಲಿ ನಡೆಯಲ್ಲ ಅಂತ ತುಂಬಾ ಜನ ಅಂದರು. ಕೆಲವು ವರ್ಷದ ನಂತರ ಲಂಡನ್ ರೈಲುಗಳಲ್ಲೂ ಮಾಡಿ ನೋಡಿದರು. ಅಲ್ಲೂ ಅದೇ ಆಯ್ತು!

ಅಂದರೆ ಮಾತು ಶುರುವಾದ ಮೇಲೆ ಇಬ್ಬರಿಗೂ ಅಷ್ಟೇ ಇಷ್ಟ. ಶುರು ಮಾಡುವ ಅಭ್ಯಾಸ ಒಬ್ಬರಿಗಿದೆ, ಇನ್ನೊಬ್ಬರಿಗಿಲ್ಲ.

---

ಲಂಡನ್_ಲೋಕಲ್

ಲ್ಯಾಬ್ ಕೋಟು ಹೇಳಿದ್ದರ ಇನ್ನೊಂದು ಮುಖ ಹೇಳ್ತೀನಿ. 2016ರಲ್ಲಿ ಇಲ್ಲಿ ನೆಲೆಸಿದ್ದ ಅಮೆರಿಕದವರೊಬ್ಬರು "ಟ್ಯೂಬ್ ಚಾಟ್?" ಅಂತ ಬರೆದ ಬ್ಯಾಡ್ಜ್ ಮಾಡಿಸಿ ಸುರಂಗ ರೈಲಿನ (ಇಲ್ಲಿ ಅದನ್ನ ಟ್ಯೂಬ್ ಅಂತಾರೆ) ಪ್ರಯಾಣಿಕರಿಗೆ ಹಂಚಿದರು. ಅದನ್ನ ಹಾಕಿಕೊಂಡವರು ಮಾತಿಗೆ ಸಿದ್ಧ ಅಂತ ಅರ್ಥ. ಲಂಡನ್ನಿನವರು ಬೆಚ್ಚಿಬಿದ್ದರು. ದಯವಿಟ್ಟು ಬೇಡ ಅಂತ ಎಷ್ಟೋ ಜನ ಬರೆದರು. ಮಾತಾಡಿಸಬೇಡಿ ಅಂತ ಹೇಳುವ ಬ್ಯಾಡ್ಜುಗಳೂ ಬಂದವು.

ನಾನು ಹನ್ನೊಂದು ವರ್ಷದಿಂದ ಇಲ್ಲಿದ್ದೀನಿ. ನನಗೆ ಅವರ ಕಷ್ಟ ಅರ್ಥ ಆಗುತ್ತೆ. ಬೆಳಿಗ್ಗೆ ಎಂಟಕ್ಕೆ ಒಬ್ಬರ ಕಂಕುಳಲ್ಲಿ ಇನ್ನೊಬ್ಬರ ಮುಖ ಇರುವಷ್ಟು ರಷ್. ಅಂಥ ಕಡೆ ಉಳಿದಿರುವ ಸ್ವಂತ ಜಾಗ ಅಂದರೆ ತಲೆಯ ಒಳಗಿನದು ಮಾತ್ರ. ಅದಕ್ಕೆ ಕೈ ಹಾಕದೆ ಇರೋದೇ ಇಲ್ಲಿ ಮರ್ಯಾದೆ. ಅಮೆರಿಕದವರಿಗೆ ಮಾತಾಡಿಸೋದು ಮರ್ಯಾದೆ, ಇವರಿಗೆ ಬಿಟ್ಟುಬಿಡೋದು ಮರ್ಯಾದೆ. ಇಬ್ಬರೂ ಎದುರಿನವರಿಗೆ ಒಳ್ಳೇದನ್ನೇ ಮಾಡ್ತಿದ್ದೀವಿ ಅಂದುಕೊಂಡಿದ್ದಾರೆ.

ಭಾಷಾಶಾಸ್ತ್ರದಲ್ಲೂ ಈ ಎರಡು ಬಗೆ ಇದೆ ಅಂತ ಎಂ.ಎ. ಓದುವಾಗ ಕಲಿತಿದ್ದೆ. ಹತ್ತಿರ ಸೇರಿಸಿಕೊಳ್ಳುವ ವಿನಯ ಒಂದು, ದೂರ ಕಾಪಾಡುವ ವಿನಯ ಇನ್ನೊಂದು. ಪೆನೆಲೊಪಿ ಬ್ರೌನ್ ಮತ್ತೆ ಸ್ಟೀಫನ್ ಲೆವಿನ್ಸನ್ 1970ರ ದಶಕದಲ್ಲಿ ಇದನ್ನ ಬಿಡಿಸಿ ಹೇಳಿದರು. ಅವರು ಇಂಗ್ಲಿಷಿನ ಜೊತೆ ನೋಡಿದ ಭಾಷೆಗಳಲ್ಲಿ ಒಂದು ನಮ್ಮ ಪಕ್ಕದ ತಮಿಳು.

ಕನ್ನಡದಲ್ಲೇ ನೋಡಿ. "ಊಟ ಆಯ್ತಾ?" ಅಂತ ಕೇಳ್ತೀವಿ. ಬಡಿಸೋಕಲ್ಲ, ಹತ್ತಿರ ಸೇರಿಸಿಕೊಳ್ಳೋಕೆ. ಇಲ್ಲಿಯವರು "ಯೂ ಆಲ್‌ರೈಟ್?" ಅಂದಾಗ ನಾನು ಮೊದಲ ವರ್ಷ ನಿಜವಾಗಲೂ ನಿಂತು ನನ್ನ ನೆಗಡಿ ಬಗ್ಗೆ ಹೇಳ್ತಿದ್ದೆ. ಆಮೇಲೆ ಅದೂ ಇವರ "ಊಟ ಆಯ್ತಾ" ಅಂತ ತಿಳಿದ ಮೇಲೆ ಹಗುರ ಆಯ್ತು.

---

ಕಪ್ಪುಮಣ್ಣು (ಟೆಕ್ಸಸ್)

ಎಲ್ಲರೂ ಚೆನ್ನಾಗಿ ಬರೆದಿದ್ದೀರಿ. ಒಂದು ಮಾತು ಸೇರಿಸಬೇಕು ಅನ್ನಿಸಿತು. ಎದುರಿಗಿರುವ ಅಪರಿಚಿತ ಯಾರು ಅನ್ನೋದರ ಮೇಲೂ ಸ್ನೇಹ ನಿಂತಿರುತ್ತೆ. ನನ್ನ ಬಣ್ಣ ಸ್ವಲ್ಪ ಜಾಸ್ತಿಯೇ ಕಪ್ಪು, ಗಡ್ಡ ಬಿಟ್ಟಿದ್ದೀನಿ. ಜೊತೆಯಲ್ಲಿ ಹೆಂಡತಿ ಮಗು ಇದ್ದರೆ ಎಲ್ಲರೂ ಹಾಯ್ ಅಂತಾರೆ. ಒಬ್ಬನೇ ರಾತ್ರಿ ವಾಕಿಂಗ್ ಹೋದರೆ ಎದುರಿನವರು ರಸ್ತೆ ದಾಟಿ ಆ ಕಡೆ ಹೋಗಿದ್ದೂ ಇದೆ. ಅದೇ ರಸ್ತೆ, ಅದೇ ಜನ.

2017ರ ಫೆಬ್ರವರಿಯಲ್ಲಿ ಕಾನ್ಸಾಸ್‌ನ ಒಲೇತ್‌ನಲ್ಲಿ ಏನಾಯ್ತು ಅಂತ ನೆನಪಿದೆಯಾ? ಕೆಲಸ ಮುಗಿಸಿ ಬಾರಿನಲ್ಲಿ ಕೂತಿದ್ದ ಇಬ್ಬರು ತೆಲುಗು ಇಂಜಿನಿಯರುಗಳ ಮೇಲೆ ಒಬ್ಬ ಗುಂಡು ಹಾರಿಸಿದ. ನಮ್ಮ ದೇಶ ಬಿಟ್ಟು ಹೋಗಿ ಅಂತ ಕೂಗಿದ್ದ. ಒಬ್ಬರು ತೀರಿಕೊಂಡರು. ಅದೇ ಬಾರಿನಲ್ಲಿದ್ದ ಅಮೆರಿಕದ ಬಿಳಿಯ ಯುವಕ, ಇವರಿಗೆ ಏನೂ ಆಗಬೇಕಾಗಿರದವನು, ಗುಂಡು ಹಾರಿಸಿದವನನ್ನ ಹಿಡಿಯೋಕೆ ನುಗ್ಗಿ ತಾನೂ ಗುಂಡು ತಿಂದ. ಅವನು ಬದುಕಿದ. ನಾನು ಆಗ ತಾನೇ ಇಲ್ಲಿಗೆ ಬಂದಿದ್ದೆ. ಅಪ್ಪ ವಾಪಸ್ ಬಾ ಅಂತ ಅತ್ತರು. ಈ ದೇಶ ಎಂಥದ್ದು ಅಂತ ಯಾರಾದರೂ ಕೇಳಿದರೆ ನನಗೆ ಆ ಒಂದೇ ರಾತ್ರಿಯ ಈ ಇಬ್ಬರೂ ನೆನಪಾಗ್ತಾರೆ. ಒಬ್ಬನನ್ನ ಬಿಟ್ಟು ಇನ್ನೊಬ್ಬನ ಬಗ್ಗೆ ಹೇಳೋಕೆ ಮನಸ್ಸು ಬರಲ್ಲ.

ಬ್ರಿಟನ್ನಿನಲ್ಲೂ 2016ರ ಬ್ರೆಕ್ಸಿಟ್ ಮತದಾನದ ನಂತರ ಇಂಥ ದ್ವೇಷದ ದೂರುಗಳು ಜಾಸ್ತಿ ಆದವು. ಅಲ್ಲಿ ಇರುವವರು ಅದರ ಬಗ್ಗೆ ಹೇಳಬೇಕು.

---

ಕುಂದಾಪ್ರ_ನರ್ಸ್

ಕಪ್ಪುಮಣ್ಣು ಅವರೇ, ಓದಿ ಎದೆ ಭಾರ ಆಯ್ತು. ಹೌದು, ಇಲ್ಲೂ ಇದೆ. ರಾತ್ರಿ ಪಾಳಿ ಮುಗಿಸಿ ಬರುವಾಗ ಕೆಟ್ಟ ಮಾತು ಕೇಳಿದ್ದೀನಿ. "ಪೆಟ್" ಅಂದದ್ದೂ ಇದೇ ಊರು.

---

ಧಾರವಾಡ_ಮಾಸ್ತರ್

ನಾನು ನಿವೃತ್ತ ಶಿಕ್ಷಕ. ಮಗಳು ಡಲ್ಲಾಸ್ ಹತ್ತಿರ, ಮಗ ಲಂಡನ್ನಿನಲ್ಲಿ. ಎರಡೂ ಕಡೆ ಆರಾರು ತಿಂಗಳು ಇದ್ದು ಬಂದವನು.

ಮಗಳ ಊರಲ್ಲಿ ಬೆಳಿಗ್ಗೆ ನಡೆಯಲು ಹೋದರೆ ಎದುರು ಸಿಕ್ಕವರೆಲ್ಲ "ಗುಡ್ ಮಾರ್ನಿಂಗ್, ಸರ್" ಅನ್ನುತ್ತಿದ್ದರು. ಮನಸ್ಸಿಗೆ ಬಹಳ ಹಿತ. ಆದರೆ ಎದುರು ಸಿಗುವವರೇ ಇಬ್ಬರೋ ಮೂವರೋ! ಎಲ್ಲರೂ ಕಾರಿನಲ್ಲಿ. ಅಂಗಡಿಗೆ ಹೋಗಬೇಕೆಂದರೆ ಮಗಳು ಆಫೀಸಿನಿಂದ ಬರಬೇಕು. ಇಷ್ಟು ಒಳ್ಳೆಯ ಜನ, ಆದರೆ ಅವರು ಸಿಗುವ ಜಾಗವೇ ಇಲ್ಲ.

ಲಂಡನ್ನಿನಲ್ಲಿ ಯಾರೂ ಮಾತಾಡಿಸಲಿಲ್ಲ. ಆದರೆ ನಡೆಯಲು ದಾರಿ ಇತ್ತು, ಉದ್ಯಾನ ಇತ್ತು, ಬೆಂಚು ಇತ್ತು. ಮೂರನೇ ವಾರಕ್ಕೆ ಒಂದು ವಿಷಯ ಗಮನಿಸಿದೆ. ನಾಯಿ ಇದ್ದವರ ಜೊತೆ ಎಲ್ಲರೂ ಮಾತಾಡುತ್ತಾರೆ. ನೇರವಾಗಿ ಮನುಷ್ಯನನ್ನು ಮಾತಾಡಿಸಲು ಸಂಕೋಚ, ನಾಯಿ ನಡುವೆ ಇದ್ದರೆ ಸಂಕೋಚ ಇಲ್ಲ.

ಒಂದು ಭಾನುವಾರ ಥೇಮ್ಸ್ ದಂಡೆಯ ಬಸವಣ್ಣನ ಮೂರ್ತಿ ನೋಡಲು ಹೋದೆ. ಲ್ಯಾಂಬೆತ್‌ನಲ್ಲಿದೆ, 2015ರ ನವೆಂಬರಿನಲ್ಲಿ ಅನಾವರಣ ಆದದ್ದು. ಕೈ ಮುಗಿದು ನಿಂತಿದ್ದೆ. ನಾಯಿ ಹಿಡಿದುಕೊಂಡು ಹೋಗುತ್ತಿದ್ದ ನನ್ನ ವಯಸ್ಸಿನ ಒಬ್ಬರು ಹತ್ತು ಹೆಜ್ಜೆ ದೂರದಲ್ಲಿ ನಿಂತರು. ನಾನು ಕೈ ಇಳಿಸುವ ತನಕ ಕಾದರು. ಆಮೇಲೆ ತೊಂದರೆ ಕೊಡುತ್ತಿದ್ದರೆ ಕ್ಷಮಿಸಿ ಎಂದು ಎರಡು ಸಲ ಹೇಳಿ, ಇವರು ಯಾರು ಎಂದು ಕೇಳಿದರು. ದಿನವೂ ಈ ದಾರಿಯಲ್ಲಿ ಹೋಗುತ್ತೇನೆ, ಕೇಳಲು ಯಾರೂ ಸಿಕ್ಕಿರಲಿಲ್ಲ ಎಂದರು. ಒಂದು ಗಂಟೆ ಬೆಂಚಿನ ಮೇಲೆ ಕೂತು 12ನೇ ಶತಮಾನದ ಕಲ್ಯಾಣ, ಅನುಭವ ಮಂಟಪ, ಎಲ್ಲ ಹೇಳಿದೆ. ಬಹಳ ಶ್ರದ್ಧೆಯಿಂದ ಕೇಳಿದರು. ಹೊರಡುವಾಗ ಕೈ ಕುಲುಕಿದರು. ನನ್ನ ಹೆಸರು ಕೇಳಲಿಲ್ಲ, ತಮ್ಮ ಹೆಸರು ಹೇಳಲೂ ಇಲ್ಲ. ಡಲ್ಲಾಸಿನಲ್ಲಿ ಹೆಸರು ಮೊದಲು, ಮಾತು ಆಮೇಲೆ.

---

ಮಂಡ್ಯದ_ಹೈದ

ಮಾಸ್ತರ್‌ಗೆ ನಮಸ್ಕಾರ. ಎರಡೂ ದೇಶದ ವಿಷಯ ಬಂದಾಗ ನಮ್ಮ ಜಿಲ್ಲೆಯ ಒಂದು ಕುಟುಂಬ ನೆನಪಾಗುತ್ತೆ. ಡಾ. ವಿವೇಕ್ ಮೂರ್ತಿ, ಅಮೆರಿಕದ ಸರ್ಜನ್ ಜನರಲ್ (ಜನರ ಆರೋಗ್ಯದ ಬಗ್ಗೆ ದೇಶಕ್ಕೆ ಸಲಹೆ ಕೊಡುವ ಸರ್ಕಾರದ ಮುಖ್ಯ ವೈದ್ಯರು) ಆಗಿದ್ದವರು. ತಂದೆಯ ಊರು ಮಂಡ್ಯದ ಹಲ್ಲೇಗೆರೆ. ಇವರು ಹುಟ್ಟಿದ್ದು ಇಂಗ್ಲೆಂಡಿನ ಯಾರ್ಕ್‌ಷೈರ್‌ನ ಹಡರ್ಸ್‌ಫೀಲ್ಡ್‌ನಲ್ಲಿ, 1977ರಲ್ಲಿ. ಬೆಳೆದದ್ದು ಅಮೆರಿಕದ ಮಯಾಮಿಯಲ್ಲಿ. 2023ರ ಮೇನಲ್ಲಿ ಅವರು ಒಂಟಿತನದ ಬಗ್ಗೆ ಇಡೀ ದೇಶಕ್ಕೆ ಎಚ್ಚರಿಕೆ ಕೊಟ್ಟರು. ಅಮೆರಿಕದ ವಯಸ್ಕರಲ್ಲಿ ಸುಮಾರು ಅರ್ಧದಷ್ಟು ಜನ ಒಂಟಿತನ ಅನುಭವಿಸಿದ್ದಾರೆ, ಜನರ ಒಡನಾಟ ಇಲ್ಲದಿರೋದು ದಿನಕ್ಕೆ 15 ಸಿಗರೇಟು ಸೇದಿದಷ್ಟು ಕೆಟ್ಟದ್ದು ಅಂದರು. ಎಲ್ಲರೂ ಹಾಯ್ ಅನ್ನುವ ದೇಶದಲ್ಲಿ!

ಬ್ರಿಟನ್ ಅದಕ್ಕಿಂತ ಮೊದಲೇ, 2018ರ ಜನವರಿಯಲ್ಲಿ, ಒಂಟಿತನಕ್ಕೆ ಅಂತ ಒಬ್ಬ ಮಂತ್ರಿಯನ್ನೇ ನೇಮಿಸಿತು. ಅದರ ಹಿಂದೆ ಇದ್ದದ್ದು ಜೋ ಕಾಕ್ಸ್ ಅನ್ನುವ ಸಂಸದೆಯ ಕೆಲಸ. 2016ರ ಜೂನ್‌ನಲ್ಲಿ ಅವರನ್ನ ಕೊಂದರು. ಅವರೂ ಹಡರ್ಸ್‌ಫೀಲ್ಡ್ ಹತ್ತಿರದ ಬ್ಯಾಟ್ಲಿಯವರು. ಎರಡು ದೇಶದ ಒಂಟಿತನ ಎತ್ತಿ ತೋರಿಸಿದ ಇಬ್ಬರೂ ಯಾರ್ಕ್‌ಷೈರ್‌ನ ಅಕ್ಕಪಕ್ಕದ ಊರುಗಳಲ್ಲಿ ಹುಟ್ಟಿದವರು ಅಂತ ಗೊತ್ತಾದಾಗ ನನಗೆ ಆಶ್ಚರ್ಯ ಆಯ್ತು.

ಅದಕ್ಕೇ ಕೇಳ್ತೀನಿ. ಹಾಯ್ ಅನ್ನೋದಕ್ಕೂ ಒಂಟಿತನ ಹೋಗೋದಕ್ಕೂ ಸಂಬಂಧ ಇದೆಯಾ?

---

ಎಡಿಸನ್_ಅಣ್ಣ

ಸ್ವಲ್ಪ ಇದೆ ಅಂತ ನನ್ನ ಅನುಭವ. ಅಮ್ಮ ತೀರಿಕೊಂಡ ವರ್ಷ ಊರಿಗೆ ಹೋಗೋಕೂ ಆಗದೆ ಕೂತಿದ್ದೆ. ಕಾಫಿ ಅಂಗಡಿಯ ಹುಡುಗ ದಿನವೂ ನನ್ನ ಹೆಸರು ಹಿಡಿದು ಕರೀತಿದ್ದ. ಬೇರೆ ಯಾರೂ ಆ ವಾರ ನನ್ನ ಹೆಸರು ಕರೆದಿರಲಿಲ್ಲ. ಆಳವಾದ ಸ್ನೇಹ ಅಲ್ಲ ಅದು, ಗೊತ್ತು. ಆದರೂ ಅವತ್ತು ಅದೇ ನನ್ನನ್ನ ಹಿಡಿದು ನಿಲ್ಲಿಸಿತು. ಜಗಲಿ ಬಗ್ಗೆ ನಾನು ಮೊದಲು ಬರೆದಾಗ ಸ್ವಲ್ಪ ಹಗುರವಾಗಿ ಬರೆದೆ ಅನ್ನಿಸ್ತಿದೆ. ಬಿಸಿಲಲ್ಲಿ ಬಂದವನಿಗೆ ಜಗಲಿಯೇ ದೊಡ್ಡದು.

---

ಕುಂದಾಪ್ರ_ನರ್ಸ್

ಸಂಪಿಗೆ ಅಕ್ಕ, ಕೆಂಪು ಕೋಟಿನವರನ್ನ ಮಾತಾಡಿಸಿದಿರಾ?

---

ಸಂಪಿಗೆ_ಮರ · ಗುರುವಾರ

ಮಾತಾಡಿಸಿದೆ. ಮಂಗಳವಾರ ಹನ್ನೆರಡು ನಿಮಿಷ ತಡ ಅಂತ ಬೋರ್ಡಿನಲ್ಲಿ ಬಂತು. ಎದೆ ಢವಢವ. "ಮತ್ತೆ ತಡ" ಅಂದೆ. ಅವರು "ಯಾವಾಗಲೂ ಹೀಗೇ" ಅಂದು ಮತ್ತೆ ಪುಸ್ತಕ ನೋಡಿದರು. ಅಷ್ಟೆ. ನನಗೆ ನಿಜವಾಗಲೂ ಬೇಜಾರಾಯ್ತು. ಬುಧವಾರ ಅವರು ನನ್ನ ನೋಡಿ ಸ್ವಲ್ಪ ತಲೆ ಅಲ್ಲಾಡಿಸಿದರು. ಇವತ್ತೂ ಕೂಡ.

ಇನ್ನೊಂದು ವಿಷಯ ಈ ವಾರ ಗೊತ್ತಾಯ್ತು. ನಮ್ಮ ಬೀದಿಯಲ್ಲಿ ಒಂದು ವಾರ ಕಸದ ಡಬ್ಬ, ಇನ್ನೊಂದು ವಾರ ಮರುಬಳಕೆಯದು. ಹಿಂದಿನ ರಾತ್ರಿಯೇ ಹೊರಗಿಡಬೇಕು. ನಾನು ಎಷ್ಟೋ ಸಲ ಮರೀತೀನಿ. ಆದರೂ ಬೆಳಿಗ್ಗೆ ನಮ್ಮ ಡಬ್ಬ ಹೊರಗೇ ಇರ್ತಿತ್ತು. ನಮ್ಮವರು ಇಟ್ಟಿದ್ದಾರೆ ಅಂದುಕೊಂಡಿದ್ದೆ. ಅವರು ನಾನು ಇಟ್ಟೆ ಅಂದುಕೊಂಡಿದ್ದರು. ಮೊನ್ನೆ ರಾತ್ರಿ ಕಿಟಕಿಯಿಂದ ನೋಡಿದರೆ ಪಕ್ಕದ ಮನೆ ತಾತ ಡ್ರೆಸ್ಸಿಂಗ್ ಗೌನಿನಲ್ಲಿ ನಮ್ಮ ಡಬ್ಬ ಸದ್ದಾಗದ ಹಾಗೆ ಎಳೀತಿದ್ದರು. ಹತ್ತು ತಿಂಗಳು! ಒಂದು ದಿನವೂ ಹೇಳಿಲ್ಲ.

ಅವರಿಗೆ ಕೋಡುಬಳೆ ಮಾಡಿ ಕೊಡಬೇಕು ಅಂತಿದ್ದೀನಿ. ಸುಮ್ನೆ ಹೋಗಿ ಬೆಲ್ ಮಾಡಬಹುದಾ? ರಾಲಿಯಲ್ಲಾಗಿದ್ದರೆ ಕೇಳ್ತಾನೇ ಇರಲಿಲ್ಲ.

---

ಲಂಡನ್_ಲೋಕಲ್

ಬೆಲ್ ಮಾಡಿ, ಬಾಗಿಲಲ್ಲೇ ಕೊಡಿ, ಒಳಗೆ ಹೋಗೋಕೆ ಕಾಯಬೇಡಿ. ಡಬ್ಬದ ವಿಷಯ ನೋಡಿದೆ ಅಂತ ದೊಡ್ಡದಾಗಿ ಹೇಳಬೇಡಿ, ಅವರಿಗೆ ಮುಜುಗರ ಆಗುತ್ತೆ. ಜಾಸ್ತಿ ಮಾಡಿದ್ದೆ, ಸ್ವಲ್ಪ ರುಚಿ ನೋಡಿ ಅನ್ನಿ. ಖಾರ ಕಮ್ಮಿ ಹಾಕಿ.

---

ಸಂಪಿಗೆ_ಮರ · ಮುಂದಿನ ಬುಧವಾರ

ಕೋಡುಬಳೆ ಕೊಟ್ಟ ಡಬ್ಬಿ ವಾಪಸ್ ಬಂತು. ತೊಳೆದು ಒರೆಸಿ, ಬಾಗಿಲ ಹತ್ತಿರ ಇಟ್ಟು ಹೋಗಿದ್ದರು, ಬೆಲ್ ಮಾಡಿಲ್ಲ. ಖಾಲಿ ಡಬ್ಬಿ ಕೊಡಬಾರದು ಅಂತ ನಮ್ಮ ಅಜ್ಜಿ ಹೇಳ್ತಿದ್ದರಲ್ಲ, ಆ ಪದ್ಧತಿ ಇವರಿಗೆ ಯಾರು ಹೇಳಿಕೊಟ್ಟರೋ. ಡಬ್ಬಿ ಪಕ್ಕ ಒಂದು ಕಟ್ಟು ರುಬಾರ್ಬ್, ಅವರ ಹಿತ್ತಲಲ್ಲಿ ಬೆಳೆದದ್ದು. ಚೀಟಿಯಲ್ಲಿ "ಉಂಗುರಗಳು ತುಂಬಾ ಚೆನ್ನಾಗಿದ್ದವು" ಅಂತ ಬರೆದಿದ್ದಾರೆ. ನಾನು ರುಬಾರ್ಬ್ ಯಾವತ್ತೂ ಮುಟ್ಟಿಲ್ಲ. ಏನು ಮಾಡೋದು ಇದರಲ್ಲಿ?

---

ಕುಂದಾಪ್ರ_ನರ್ಸ್

ಗೊಜ್ಜು ಮಾಡಿ ಅಕ್ಕ! ಹುಣಸೆಹಣ್ಣೇ ಬೇಡ, ಅಷ್ಟು ಹುಳಿ ಅದು. ಎಲೆ ಇದ್ದರೆ ಪೂರ್ತಿ ಕತ್ತರಿಸಿ ಬಿಸಾಡಿ, ಎಲೆ ವಿಷ. ದಂಟು ಮಾತ್ರ ಸಣ್ಣಗೆ ಹೆಚ್ಚಿ, ಬೆಲ್ಲ, ಉಪ್ಪು, ಮೆಣಸಿನಪುಡಿ ಹಾಕಿ ಬೇಯಿಸಿ. ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ. ಸ್ವಲ್ಪ ಜಾಸ್ತಿಯೇ ಮಾಡಿ, ತಾತನಿಗೂ ಒಂದು ಬಾಟಲಿ ಬೇಕಾಗುತ್ತೆ.